ಖಚಿತತೆ ಮತ್ತು ಪ್ರಾಮಾಣ್ಯ

ನರ್ಸಿಂಗ್ ವಿದ್ಯಾರ್ಥಿನಿಯರ ಆತ್ಮವಿಶ್ವಾಸವನ್ನು ಅಳೆಯುವ ಪ್ರಶ್ನಾವಳಿಗಳು ಬಹುಮಟ್ಟಿಗೆ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಮಂಡಿಸಿದ ಸ್ವಸಾಮರ್ಥ್ಯದ ಪರಿಕಲ್ಪನೆಯನ್ನು, ಅಂದರೆ ನಿರ್ದಿಷ್ಟ ಕೆಲಸವೊಂದನ್ನು ತಾನು ಮಾಡಬಲ್ಲೆನೆಂಬ ನಂಬಿಕೆಯನ್ನು, ಆಧರಿಸಿರುತ್ತವೆ. ಹೆರಿಗೆಯಾದ ಮೇಲೆ ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ಹೊಟ್ಟೆ ಮುಟ್ಟಿ ತಿಳಿಯಬಲ್ಲೆಯಾ ಎಂಬಂಥ ಪ್ರಶ್ನೆಯ ಮುಂದೆ ವಿದ್ಯಾರ್ಥಿನಿ ಹಾಕುವ ಗುರುತು ನಿಜಕ್ಕೂ ಯಾವುದರ ಅಳತೆ ಎಂಬುದು ಸಂಖ್ಯಾಶಾಸ್ತ್ರಕ್ಕಿಂತ ಮೊದಲು ಜ್ಞಾನಮೀಮಾಂಸೆ ಕೇಳಬೇಕಾದ ಪ್ರಶ್ನೆ.

ಅರಿವಿನ ಖಚಿತತೆಗೂ ಅದರ ಸತ್ಯತೆಗೂ, ಅಂದರೆ ಪ್ರಾಮಾಣ್ಯಕ್ಕೂ, ಇರುವ ಸಂಬಂಧ ಭಾರತೀಯ ದರ್ಶನಗಳಲ್ಲಿ ಹಳೆಯ ವಿವಾದ. ಅರಿವು ಹುಟ್ಟುವಾಗಲೇ ತನ್ನ ಸತ್ಯತೆಯನ್ನು ಹೊತ್ತು ತರುತ್ತದೆ, ಬಾಧಕವಾದ ಇನ್ನೊಂದು ಅರಿವು ಎದುರಾಗುವ ತನಕ ಅದನ್ನು ನಂಬಬೇಕು ಎಂಬ ಮೀಮಾಂಸಕರ ನಿಲುವು ಸ್ವತಃಪ್ರಾಮಾಣ್ಯವಾದ. ಅರಿವಿನ ಸತ್ಯತೆ ಹೊರಗಿನಿಂದ, ಮುಖ್ಯವಾಗಿ ಅದನ್ನು ನಂಬಿ ಕೈಗೊಂಡ ಕ್ರಿಯೆಯ ಸಫಲತೆಯಿಂದ, ತಿಳಿಯಬೇಕಾದದ್ದು ಎಂಬ ನೈಯಾಯಿಕರ ನಿಲುವು ಪರತಃಪ್ರಾಮಾಣ್ಯವಾದ. ಪ್ರಶ್ನಾವಳಿ ದಾಖಲಿಸುವುದು ಖಚಿತತೆಯನ್ನು ಮಾತ್ರ. ಪ್ರಾಮಾಣ್ಯ ಅದರ ಕೈಗೆ ಸಿಗುವುದಿಲ್ಲ.

ಇವೆರಡರ ನಡುವಿನ ಅಂತರಕ್ಕೆ ಬೆಳಗಾವಿಯಲ್ಲಿ ಸಾಕ್ಷ್ಯವಿದೆ. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದ ಸಂಶೋಧಕರು ವಿದೇಶಿ ಸಹೋದ್ಯೋಗಿಗಳೊಂದಿಗೆ ಜಿಲ್ಲೆಯ ಹಳ್ಳಿಗಳ 1620 ಹೆರಿಗೆಗಳಲ್ಲಿ ಮಿಸೊಪ್ರೊಸ್ಟಾಲ್ ಗುಳಿಗೆಯ ಪರಿಣಾಮವನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಹಾಯಕ ದಾದಿಯರು ಹೆರಿಗೆ ಮಾಡಿಸಿದರು. ಪ್ರಸವಾನಂತರದ ರಕ್ತಸ್ರಾವ ಹುಸಿಗುಳಿಗೆ ಪಡೆದವರಲ್ಲಿ ಶೇ. 12ರಷ್ಟಿದ್ದರೆ, ಮಿಸೊಪ್ರೊಸ್ಟಾಲ್ ಪಡೆದವರಲ್ಲಿ ಶೇ. 6.4ರಷ್ಟಿತ್ತು. ರಕ್ತವನ್ನು ಅಳೆದದ್ದು ಬಾಣಂತಿಯ ಸೊಂಟದಡಿ ಹಾಸುವ, ತುದಿಯಲ್ಲಿ ಗೆರೆ ಹಾಕಿದ ಚೀಲವಿರುವ ಪ್ಲಾಸ್ಟಿಕ್ ಹಾಸಿನಿಂದ. ಕಣ್ಣಂದಾಜು ರಕ್ತನಷ್ಟವನ್ನು ಕಡಿಮೆ ಎಣಿಸುತ್ತದೆಂಬುದು ಈ ಹಾಸಿನ ಜೊತೆ ಹೋಲಿಸಿದಾಗ ಕಂಡುಬಂತು. ನುರಿತ ಕಣ್ಣಿನ ಖಚಿತತೆಗೇ ಚೀಲದ ಗೆರೆ ಬಾಧಕಜ್ಞಾನವಾಯಿತು.

ಆದರೆ ನೈಯಾಯಿಕರ ಉತ್ತರ ಹೆರಿಗೆ ಕೋಣೆಯಲ್ಲಿ ಹಾಗೆಯೇ ಸಲ್ಲುವುದಿಲ್ಲ: ಕ್ರಿಯೆ ವಿಫಲವಾದರೆ ಅದರ ಬೆಲೆ ತೆರುವವಳು ಬಾಣಂತಿ. ಮಳೆಗಾಲದಲ್ಲಿ ಹಳ್ಳ ತುಂಬಿ ದಾರಿ ಕಡಿಯುವ, ಅದೇ ಜಿಲ್ಲೆಯ ಖಾನಾಪುರದ ಕಾಡಂಚಿನ ಹಳ್ಳಿಯಲ್ಲಿ, ಪ್ರತಿ ಹೆಜ್ಜೆಗೂ ಪ್ರಮಾಣ ಹುಡುಕುತ್ತ ನಿಲ್ಲುವ ದಾದಿಯೂ ಅತಿವಿಶ್ವಾಸದ ದಾದಿಯಷ್ಟೇ ಅಪಾಯಕಾರಿ. ಕಾರಣವಿಲ್ಲದೆ ಸಂಶಯಪಡಬಾರದೆಂಬ ಮೀಮಾಂಸಕರ ಹಟಕ್ಕೆ ಅಲ್ಲಿ ತಕ್ಕ ಬೆಲೆಯಿದೆ. ನ್ಯಾಯದರ್ಶನವೂ ಇದನ್ನು ಕಡೆಗಣಿಸಿಲ್ಲ. ಅಭ್ಯಾಸವಾದ ವಿಷಯದಲ್ಲಿ, ಹಿಂದೆ ಸಫಲವಾದ ಅರಿವಿನ ಜಾತಿಗೇ ಸೇರಿದ್ದೆಂಬ ಕಾರಣದಿಂದ, ಅಂದರೆ ತಜ್ಜಾತೀಯತ್ವದಿಂದ, ಕ್ರಿಯೆಗೆ ಮೊದಲೇ ಪ್ರಾಮಾಣ್ಯವನ್ನು ತರ್ಕದಿಂದ ಊಹಿಸಬಹುದೆಂದು ಅದು ಒಪ್ಪುತ್ತದೆ. ಪ್ರಶ್ನಾವಳಿಯಲ್ಲಿ, ಬೋಧಕಿಯ ಕಣ್ಣೆದುರು ಮತ್ತೆ ಮತ್ತೆ ಮಾಡಿದ ಕೆಲಸದಿಂದ ಬಂದ ಐದು ಅಂಕವೂ ಪುಸ್ತಕ ಓದಿ ಬಂದ ಐದು ಅಂಕವೂ ಹಾಳೆಯ ಮೇಲೆ ಒಂದೇ ಆಗಿ ಕಂಡರೂ, ಈ ದೃಷ್ಟಿಯಲ್ಲಿ ಬೇರೆ ಬೇರೆ ವಸ್ತುಗಳು.

ಆಗಲೂ ತಜ್ಜಾತೀಯವೆಂದರೆ ಯಾವುದು ಎಂಬ ತೊಡಕು ಉಳಿಯುತ್ತದೆ. ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ತಜ್ಞರು ಕೂಗಳತೆಯಲ್ಲಿರುವಾಗ ಗಳಿಸಿದ ಅಭ್ಯಾಸ, ನೋವು ತಿನ್ನುತ್ತಿರುವ ಹೆಂಗಸು ಮರಾಠಿಯಲ್ಲಿ ಮಾತ್ರ ಉತ್ತರಿಸುವ, ವೈದ್ಯರು ಹೊಳೆಯಾಚೆಗಿರುವ ಖಾನಾಪುರದ ಹಳ್ಳಿಯ ಕೆಲಸದ ಜಾತಿಗೇ ಸೇರಿದ್ದೇ ಎಂಬುದನ್ನು ಪ್ರಶ್ನಾವಳಿ ಕೇಳದಿದ್ದರೆ, ಅದು ಅಳೆದ ನಂಬಿಕೆ ಕಲಿತ ಕೋಣೆಯ ಹೊಸ್ತಿಲಿನೊಳಗೆ ಮಾತ್ರ ಸಲ್ಲುತ್ತದೆ.