ಕಾದಾಚಿತ್ಕ ದೋಷವೂ ಕಾರಣನಿಶ್ಚಯವೂ

ಯಾವಾಗಲೂ ಇರುವ ವಸ್ತುವಿಗೆ ಕಾರಣವನ್ನು ಕೇಳುವವರಿಲ್ಲ. ಎಂದೂ ಇಲ್ಲದ ವಸ್ತುವಿಗೂ ಕೇಳುವವರಿಲ್ಲ. ಒಮ್ಮೆ ಇದ್ದು ಒಮ್ಮೆ ಇಲ್ಲದಿರುವುದು ಯಾವುದೋ ಅದೇ ಮನುಷ್ಯನ ಬುದ್ಧಿಯನ್ನು ತಡೆದು ನಿಲ್ಲಿಸಿ, ಏತಕ್ಕೆ ಎಂಬ ಪ್ರಶ್ನೆಯನ್ನು ಅವನಿಂದ ಹೊರಡಿಸುತ್ತದೆ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮಿಥಿಲೆಯಲ್ಲಿ ಬಾಳಿದ ಉದಯನಾಚಾರ್ಯನು ಈಶ್ವರಸಿದ್ಧಿಗೆಂದು ರಚಿಸಿದ ‘ನ್ಯಾಯಕುಸುಮಾಂಜಲಿ’ಯ ಮೊದಲ ಸ್ತಬಕದಲ್ಲಿಯೇ ಈ ವಿಚಾರವನ್ನು ಎತ್ತಿಕೊಂಡಿದ್ದಾನೆ. ಲೋಕದಲ್ಲಿ ಆಗುವುದೆಲ್ಲವೂ ಅಕಸ್ಮಾತ್ತಾಗಿ ಆಗುತ್ತದೆ, ಕಾರಣವೆಂಬುದೊಂದಿಲ್ಲ ಎಂದು ಹೇಳುವವರಿಗೆ ಅವನು ಕೊಡುವ ಉತ್ತರದ ತಾತ್ಪರ್ಯವಿಷ್ಟು: ಯಾವುದನ್ನೂ ಅಪೇಕ್ಷಿಸದೆ ಆಗುವಂತಹುದಾದರೆ ಅದು ಸದಾ ಆಗುತ್ತಿರಬೇಕು, ಇಲ್ಲವೆ ಎಂದೂ ಆಗಕೂಡದು, ಒಂದು ಕಾಲದಲ್ಲಿ ಆಗಿ ಮತ್ತೊಂದು ಕಾಲದಲ್ಲಿ ಆಗದಿರುವುದರಿಂದಲೇ ಅದು ಬೇರೊಂದನ್ನು ಅಪೇಕ್ಷಿಸಿ ನಿಂತಿದೆಯೆಂದು ತಿಳಿಯತಕ್ಕದ್ದು. ಆಗೊಮ್ಮೆ ಈಗೊಮ್ಮೆ ತೋರುವ ಈ ಕಾದಾಚಿತ್ಕ ಗುಣವನ್ನು ಸಾಮಾನ್ಯ ಜನರು ಕಾರಣವಿಲ್ಲವೆಂಬುದಕ್ಕೆ ಗುರುತಾಗಿ ಹಿಡಿಯುತ್ತಾರೆ. ಉದಯನನು ಅದನ್ನೇ ಕಾರಣವುಂಟೆಂಬುದಕ್ಕೆ ಹೇತುವಾಗಿ ಹಿಡಿದನು.

ಈ ಚರ್ಚೆ ಇಂದಿಗೂ ಎಲ್ಲಿ ಜೀವಂತವಾಗಿದೆಯೆಂದು ಯಾರಾದರೂ ಕೇಳಿದರೆ, ಮಠದ ಪಾಠಶಾಲೆಯೊಡನೆ ಘಟ್ಟದ ರಸ್ತೆಯ ಪಕ್ಕದಲ್ಲಿರುವ ಗ್ಯಾರೇಜನ್ನೂ ನಾನು ತೋರಿಸುವೆನು. ಅಡಕೆಯನ್ನೋ ಬಾಳೆಗೊನೆಯನ್ನೋ ಹೇರಿಕೊಂಡು ಹೊರಟ ಹಳೆಯ ಡೀಸೆಲ್ ಪಿಕಪ್ ಗಾಡಿಯೊಂದು ಬಯಲಿನಲ್ಲಿ ಚೆನ್ನಾಗಿ ಓಡಿ, ಸೋಮೇಶ್ವರದಿಂದ ಆಗುಂಬೆಗೆ ಏರುವ ತಿರುವುಗಳ ನಡುವೆ ಎಳೆತ ಕಳೆದುಕೊಂಡು, ಮಿಸ್ಸಿಂಗ್ ಹೊಡೆದು ನಿಂತುಬಿಡುತ್ತದೆ. ಹತ್ತು ನಿಮಿಷ ತಡೆದು ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಗ್ಯಾರೇಜಿಗೆ ತಂದು ನಿಲ್ಲಿಸಿದರೆ ದಿನವೆಲ್ಲ ಒಂದು ತಪ್ಪನ್ನೂ ತೋರಿಸುವುದಿಲ್ಲ. ಮುರಿದದ್ದನ್ನು ಕಣ್ಣಿನಿಂದ ಕಾಣಬಹುದು. ಮುರಿಯದೆ, ಬಂದು ಹೋಗುವ ದೋಷವನ್ನು ಅನುಮಾನದಿಂದಲ್ಲದೆ ತಿಳಿಯಲು ಬಾರದು. ಆದುದರಿಂದ ಇದು ಪ್ರಮಾಣಶಾಸ್ತ್ರದ ವಿಷಯವೆಂದು ನಾನು ಹೇಳಿದರೆ ಅದು ಅಲಂಕಾರದ ಮಾತಲ್ಲ.

ದೋಷದ ಸ್ವರೂಪ ತಿಳಿಯಬೇಕಾದರೆ ಎಣ್ಣೆಯ ಮಾರ್ಗವನ್ನು ತಿಳಿದಿರಬೇಕು. ರುಡಾಲ್ಫ್ ಡೀಸೆಲ್ 1893ರಲ್ಲಿ ಪೇಟೆಂಟು ಪಡೆದು 1897ರಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗಿಲ್ಲ. ಗಾಳಿಯನ್ನು ಬಲವಾಗಿ ಅಮುಕಿದಾಗ ಹುಟ್ಟುವ ಬಿಸಿಯೇ ಎಣ್ಣೆಯನ್ನು ಹೊತ್ತಿಸುತ್ತದೆ. ಅಷ್ಟು ಅಮುಕಿದ ಗಾಳಿಯೊಳಕ್ಕೆ ಎಣ್ಣೆಯನ್ನು ಚಿಮ್ಮಿಸಬೇಕಾದರೆ ಅದಕ್ಕೂ ಮೀರಿದ ಒತ್ತಡ ಬೇಕು. ಆ ಕೆಲಸವನ್ನು ಮಾಡುವ ಪಂಪನ್ನು 1927ರಿಂದ ಬಾಷ್ ಸಂಸ್ಥೆ ವಿಪುಲವಾಗಿ ತಯಾರಿಸತೊಡಗಿತು. 1951ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮೈಕೋ ಕಂಪನಿ ಅದೇ ರಚನೆಯ ಪಂಪುಗಳನ್ನು ನಮ್ಮ ಲಾರಿ, ಟ್ರ್ಯಾಕ್ಟರುಗಳಿಗೆ ಒದಗಿಸಿತು. ಎಣ್ಣೆ ಟ್ಯಾಂಕಿನಿಂದ ಹೊರಟು, ಫೀಡ್ ಪಂಪಿನ ಸೆಳೆತಕ್ಕೆ ಸಿಕ್ಕಿ, ಫಿಲ್ಟರಿನಲ್ಲಿ ಶೋಧಿತವಾಗಿ, ಮೇಲೆ ಹೇಳಿದ ಒತ್ತಡದ ಪಂಪನ್ನು ಸೇರಿ, ಅಲ್ಲಿಂದ ನಾಜಲ್‌ಗಳಿಗೆ ಹೋಗುತ್ತದೆ. ಮಿಕ್ಕದ್ದು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಹಿಂದಿರುಗುತ್ತದೆ.

ಈ ಮಾರ್ಗದಲ್ಲಿ ಫೀಡ್ ಪಂಪಿನಿಂದ ಈಚೆಗೆ ಎಣ್ಣೆ ನೂಕಲ್ಪಡುತ್ತದೆ, ಆಚೆಗೆ ಸೆಳೆಯಲ್ಪಡುತ್ತದೆ ಎಂಬ ಭೇದವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನೂಕುವ ಭಾಗದಲ್ಲಿ ಸಂಧಿ ಸಡಿಲವಾದರೆ ಎಣ್ಣೆ ಹೊರಗೆ ಜಿನುಗಿ, ಧೂಳು ಅಂಟಿಕೊಂಡು, ತಾನೇ ತನ್ನನ್ನು ತೋರಿಸಿಕೊಡುತ್ತದೆ. ಸೆಳೆಯುವ ಭಾಗದಲ್ಲಿ, ಅಂದರೆ ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ, ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾದುದರಿಂದ ಎಣ್ಣೆ ಹೊರಕ್ಕೆ ಬರುವ ಬದಲು ಗಾಳಿ ಒಳಕ್ಕೆ ಹೋಗುತ್ತದೆ, ಹೊರಮೈ ಒಣಗಿರುತ್ತದೆ. ಎಣ್ಣೆಯನ್ನು ಅಮುಕಿದರೆ ಅದು ಕುಗ್ಗುವುದು ಅತ್ಯಲ್ಪ, ಗಾಳಿಯಾದರೋ ಕುಗ್ಗಿಬಿಡುತ್ತದೆ. ಪಂಪಿನೊಳಗೆ ಗಾಳಿ ಸೇರಿದಾಗ ಅದರ ಒತ್ತಡವೆಲ್ಲ ಆ ಗಾಳಿಯನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗಿ ನಾಜಲ್ಲು ತೆರೆಯುವುದಿಲ್ಲ. ‘ಏರ್ ಹಿಡಿದಿದೆ’ ಎಂದು ಮೆಕ್ಯಾನಿಕ್ಕುಗಳು ಹೇಳುವುದು ಇದನ್ನೇ. ಪ್ರತ್ಯಕ್ಷವನ್ನೇ ನೆಚ್ಚಿದವನು ಒದ್ದೆಯಾದ ಸಂಧಿಯನ್ನು ಹುಡುಕುತ್ತ ಹೋಗುತ್ತಾನೆ. ದೋಷವಿರುವ ಸಂಧಿ ಒಣಗಿಯೇ ಇರುತ್ತದೆ.

ಹೀಗಿರುವಲ್ಲಿ ಪರೀಕ್ಷಕನಿಗೆ ದೊರಕುವ ಮೊದಲ ಲಿಂಗ, ಅಂದರೆ ಅನುಮಾನಕ್ಕೆ ಆಧಾರವಾದ ಗುರುತು, ದೋಷ ತೋರುವ ಕಾಲ. ಬೆಳಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲೆ ಸ್ಟಾರ್ಟಾಗಿ, ಅನಂತರ ದಿನವಿಡೀ ಸರಿಯಾಗಿ ಓಡುವ ಗಾಡಿಯಲ್ಲಿ ರಾತ್ರಿ ಎಲ್ಲಿಂದಲೋ ಗಾಳಿ ನುಗ್ಗಿ ಪೈಪಿನ ಎಣ್ಣೆ ಟ್ಯಾಂಕಿಗೆ ಇಳಿದುಹೋಗಿರಬಹುದು. ಟ್ಯಾಂಕು ತುಂಬಿರುವಾಗ ಸುಮ್ಮನಿದ್ದು ಅರ್ಧಕ್ಕಿಂತ ಕೆಳಗಿಳಿದಾಗ ಮಾತ್ರ ಕಾಡುವ ದೋಷ ಟ್ಯಾಂಕಿನೊಳಗೆ ಇಳಿಬಿಟ್ಟ ಕೊಳವೆ ತುಕ್ಕು ಹಿಡಿದು ನಡುವೆ ತೂತಾಗಿರುವುದನ್ನು ಸೂಚಿಸುತ್ತದೆ. ಆ ತೂತು ಎಣ್ಣೆಯಲ್ಲಿ ಮುಳುಗಿರುವವರೆಗೆ ಅದರಿಂದ ಹಾನಿಯಿಲ್ಲ. ಅರ್ಧ ಗಂಟೆ ಓಡಿ ನಿಂತು, ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಸರಿಹೋಗುವುದಾದರೆ, ಟ್ಯಾಂಕಿನ ತಳದ ಕಸ ಸೆಳೆತಕ್ಕೆ ಕೊಳವೆಯ ಬಾಯಿಗೆ ಅಡರಿ, ಸೆಳೆತ ನಿಂತೊಡನೆ ಕಳಚಿಬೀಳುತ್ತಿರಬಹುದು. ಅಥವಾ ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡು ಟ್ಯಾಂಕಿನಲ್ಲಿ ನಿರ್ವಾತ ಬೆಳೆಯುತ್ತಿರಬಹುದು. ಬಿಸಿಯಾದ ಮೇಲೆ ಮಾತ್ರ ಮತ್ತೆ ಸ್ಟಾರ್ಟಾಗಲು ಹಟ ಹಿಡಿಯುವ ಗಾಡಿಯಲ್ಲಿ ಪಂಪು ಸವೆದಿರುವ ಸಂಭವವುಂಟು. ಕಾದ ಡೀಸೆಲ್ ತೆಳುವಾಗಿ ಸವೆದ ಎಡೆಯಿಂದ ಜಾರಿಹೋಗುತ್ತದೆ. ದೋಷಕ್ಕೆ ನಿಯಮವಿಲ್ಲವೆಂದು ತೋರುವುದು ನಮ್ಮ ನಿರೀಕ್ಷಣೆ ಸಾಲದಿರುವುದರಿಂದ.

ಆದರೆ ಕಾಲವನ್ನು ಗುರುತಿಸಿದ ಮಾತ್ರಕ್ಕೆ ಕಾರಣ ಸಿಕ್ಕಿತೆಂದು ತಿಳಿಯಲಾಗದು. ಘಟ್ಟ ಹತ್ತುವಾಗ ನಿಲ್ಲುತ್ತದೆ ಎಂಬುದನ್ನೇ ತೆಗೆದುಕೊಳ್ಳಿ. ಏರುವಾಗ ಎಂಜಿನ್ನು ಕೇಳುವ ಎಣ್ಣೆ ಹೆಚ್ಚು; ಏರುವಾಗ ಗಾಡಿ ಓರೆಯಾಗಿ ಟ್ಯಾಂಕಿನ ಎಣ್ಣೆ ಹಿಂದಕ್ಕೆ ಸರಿಯುತ್ತದೆ; ಏರುವಾಗ ಎಂಜಿನ್ನು ಕಾಯುತ್ತದೆ. ಮೂರು ಸಂಗತಿಗಳು ಒಂದೇ ಏರಿನಲ್ಲಿ ಬೆರೆತಿವೆ, ಅವುಗಳಲ್ಲಿ ಒಂದು ಮಾತ್ರವೇ ಪ್ರಯೋಜಕವಾಗಿರಬಹುದು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆಂಬ ವ್ಯಾಪ್ತಿ, ಅಂದರೆ ತಪ್ಪದ ಸಾಹಚರ್ಯದ ನಿಯಮ, ಹಸಿ ಸೌದೆಯ ಸಂಯೋಗವೆಂಬ ಉಪಾಧಿಯಿಂದ, ಅಂದರೆ ಜೊತೆಗೆ ಬೆರೆತ ಬೇರೊಂದು ನಿಬಂಧನೆಯಿಂದ, ಕೆಡುತ್ತದೆಂದು ಉದಯನನ ಪಂಥದ ನೈಯಾಯಿಕರು ತೋರಿಸಿಕೊಟ್ಟದ್ದು ಇಂತಹ ಬೆರಕೆಯನ್ನು ಬಿಡಿಸುವುದಕ್ಕಾಗಿಯೇ. ಸಮತಟ್ಟಾದ ರಸ್ತೆಯಲ್ಲಿ ಭಾರ ಹೇರಿಸಿ ಓಡಿಸಿದರೆ ಓರೆ ಕಳೆಯುತ್ತದೆ, ಭಾರವುಳಿಯುತ್ತದೆ. ಟ್ಯಾಂಕನ್ನು ತುಂಬಿಸಿ ಘಟ್ಟ ಹತ್ತಿಸಿದರೆ ಓರೆಯಿದ್ದರೂ ಕೊಳವೆಯ ಬಾಯಿ ಬರಿದಾಗುವುದಿಲ್ಲ. ಹೀಗೆ ಒಂದೊಂದನ್ನೇ ಬೇರ್ಪಡಿಸಿ ನೋಡುವ ತಾಳ್ಮೆಯಿಲ್ಲದವನು ಉಪಾಧಿಯಿಂದ ಕೆಟ್ಟ ಹೇತುವನ್ನೇ ಸರಿಯಾದ ಹೇತುವೆಂದು ಭ್ರಮಿಸುತ್ತಾನೆ.

ಅನ್ಯಥಾಸಿದ್ಧವೆಂದು ಶಾಸ್ತ್ರಕಾರರು ಕರೆದದ್ದನ್ನೂ ಇಲ್ಲಿ ನೆನೆಯಬೇಕು. ಕುಂಬಾರನ ಮಣ್ಣನ್ನು ಹೊತ್ತು ತಂದ ಕತ್ತೆ ಗಡಿಗೆ ಹುಟ್ಟುವ ಮೊದಲು ಅಲ್ಲಿತ್ತು, ಆದರೂ ಅದು ಗಡಿಗೆಗೆ ಕಾರಣವಲ್ಲ. ಮೊದಲೇ ಇರುವುದರೊಡನೆ ತಪ್ಪದೆ ಇರುವುದೂ, ಅದಿಲ್ಲದೆ ಕಾರ್ಯ ಸಿದ್ಧಿಸದಿರುವುದೂ ಕಾರಣದ ಲಕ್ಷಣ. ಫಿಲ್ಟರು ಬದಲಾಯಿಸಿದ ಮೇಲೆ ಗಾಡಿ ವಾರವೆಲ್ಲ ಚೆನ್ನಾಗಿ ಓಡಿತು, ಆದುದರಿಂದ ಫಿಲ್ಟರೇ ದೋಷವೆಂಬ ನಿರ್ಣಯದಲ್ಲಿ ಎಷ್ಟೋ ವೇಳೆ ಫಿಲ್ಟರು ಆ ಕತ್ತೆಯ ಸ್ಥಾನದಲ್ಲಿರುತ್ತದೆ. ಫಿಲ್ಟರು ಬಿಚ್ಚಿ ಕಟ್ಟುವಾಗ ಬ್ಯಾಂಜೋ ಬೋಲ್ಟಿನ ಚಪ್ಪಟೆಯಾದ ತಾಮ್ರದ ವಾಷರಿನ ಬದಲಿಗೆ ಹೊಸದು ಬಿದ್ದಿರುತ್ತದೆ, ಕೈಪಂಪು ಒತ್ತಿ ಒಳಗಿನ ಏರ್ ತೆಗೆದಿರುತ್ತಾರೆ. ಗುಣವಾದದ್ದು ಯಾವುದರಿಂದಲೋ, ಕೀರ್ತಿ ಸಂದದ್ದು ಫಿಲ್ಟರಿಗೆ.

ಈಗ ಇನ್ನೊಂದು ವಿವಾದಕ್ಕೆ ಬರುತ್ತೇನೆ; ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಸ್ವಾರಸ್ಯವಾದ ಭಾಗ ಇದು. ಚಂದ್ರಕಾಂತಮಣಿಯನ್ನು ಹತ್ತಿರವಿಟ್ಟರೆ ಬೆಂಕಿ ಸುಡುವುದಿಲ್ಲವೆಂಬುದು ಹಿಂದಿನವರು ಒಪ್ಪಿಕೊಂಡಿದ್ದ ಉದಾಹರಣೆ. ಬೆಂಕಿಯಲ್ಲಿ ದಾಹಕಶಕ್ತಿಯೆಂಬ ಅತೀಂದ್ರಿಯ ಪದಾರ್ಥವೊಂದಿದೆ, ಮಣಿ ಅದನ್ನು ಕುಂಠಿತಗೊಳಿಸುತ್ತದೆಯೆಂದು ಮೀಮಾಂಸಕರು ಹೇಳಿದರು. ಅಂತಹ ಶಕ್ತಿಯನ್ನು ಕಲ್ಪಿಸಬೇಕಾಗಿಲ್ಲ, ಪ್ರತಿಬಂಧಕವಿಲ್ಲದಿರುವುದೂ ಕಾರಣಸಾಮಗ್ರಿಯಲ್ಲಿ ಒಂದು, ಮಣಿ ಬಂದಾಗ ಆ ಅಭಾವವಿಲ್ಲವಾದುದರಿಂದ ಕಾರ್ಯವೂ ಇಲ್ಲವೆಂದು ನೈಯಾಯಿಕರು ಹೇಳಿದರು. ನಿಂತ ಗಾಡಿಯ ಮುಂದೆಯೂ ಇವೆರಡೇ ಪಕ್ಷಗಳು ತಲೆಯೆತ್ತುತ್ತವೆ. ಪಂಪಿನ ಶಕ್ತಿ ಕುಂದಿತು, ಅದನ್ನು ಕಳಚಿ ರಿಪೇರಿಗೆ ಕಳುಹಿಸಬೇಕೆಂಬುದು ಒಂದು. ಪಂಪು ಸರಿಯಾಗಿಯೇ ಇದೆ, ಅದರ ಕೆಲಸಕ್ಕೆ ಅಡ್ಡ ಬಂದದ್ದೇನೆಂಬುದನ್ನು ಹುಡುಕೋಣವೆಂಬುದು ಮತ್ತೊಂದು. ಶಕ್ತಿ ಕಣ್ಣಿಗೆ ಕಾಣದ ವಸ್ತುವಾದುದರಿಂದ ಮೊದಲನೆಯ ಪಕ್ಷವನ್ನು ಗಾಡಿಯ ಪಕ್ಕದಲ್ಲಿ ನಿಂತು ಅಲ್ಲಗಳೆಯುವುದು ಕಷ್ಟ, ಖರ್ಚೂ ಬಹಳ. ಎರಡನೆಯದನ್ನು ಪರೀಕ್ಷಿಸುವುದು ಸುಲಭ. ಗಾಡಿ ನಿಂತ ಕ್ಷಣದಲ್ಲಿಯೇ ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ ಗಾಳಿ ಸುಯ್ಯೆಂದು ಒಳಕ್ಕೆ ನುಗ್ಗಿದರೆ, ಪಂಪು ನಿರಪರಾಧಿಯೆಂದೂ ಗಾಳಿರಂಧ್ರವೇ ಪ್ರತಿಬಂಧಕವೆಂದೂ ತಿಳಿಯಬಹುದು. ಸವೆದ ಪಂಪುಗಳಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಸವೆತ ತಾನಾಗಿ ವಾಸಿಯಾಗದು, ಬಂದು ಹೋಗುವ ದೋಷದಲ್ಲಿ ಮೊದಲು ಶಂಕಿಸತಕ್ಕದ್ದು ಬಂದು ಹೋಗಬಲ್ಲ ಕಾರಣವನ್ನೇ. ಈ ವಿಷಯದಲ್ಲಿ ನಾನು ನೈಯಾಯಿಕರ ಪಕ್ಷದವನು.

ಇನ್ನು ದೈವದ ಮಾತು. ಘಟ್ಟದ ಆರಂಭದ ಗುಡಿಯ ಮುಂದೆ ಗಾಡಿ ನಿಲ್ಲಿಸಿ ಕಾಯಿ ಒಡೆಯುವವರನ್ನೂ, ಆಯುಧಪೂಜೆಯಂದು ಬಾನೆಟ್ಟಿಗೆ ಕುಂಕುಮವಿಟ್ಟು ಕೈಮುಗಿಯುವವರನ್ನೂ ನಾನು ಗೌರವದಿಂದ ಕಾಣುತ್ತೇನೆ. ತನ್ನ ಜೀವನೋಪಾಯದ ಮುಂದೆ ತಲೆಬಾಗುವ ಮನುಷ್ಯನಲ್ಲಿ ಒಂದು ಸಂಸ್ಕಾರವಿದೆ. ಆದರೆ ಕಾರಣ ಸಿಕ್ಕದಿದ್ದಾಗ ಅದನ್ನು ಗ್ರಹಚಾರದ ಮೇಲೆ ಹಾಕಿ ಕೈತೊಳೆದುಕೊಳ್ಳುವುದು ಭಕ್ತಿಯಲ್ಲ. ನಮ್ಮ ತಾರ್ಕಿಕರಲ್ಲಿ ನಾಸ್ತಿಕರಲ್ಲದವರೇ, ಈಶ್ವರನನ್ನು ಸಾಧಿಸಲು ಗ್ರಂಥಗಳನ್ನೇ ಬರೆದವರೇ, ಈಶ್ವರ, ಅದೃಷ್ಟ, ಕಾಲ, ದಿಕ್ಕು ಮುಂತಾದುವನ್ನು ಸಾಧಾರಣ ಕಾರಣಗಳೆಂದು ಬೇರೆಯಾಗಿಟ್ಟರು. ಅವು ಸಕಲ ಕಾರ್ಯಗಳಿಗೂ ಸಮಾನವಾಗಿ ಕಾರಣಗಳು. ಗಾಡಿ ನಿಂತದ್ದಕ್ಕೆ ಈಶ್ವರೇಚ್ಛೆ ಕಾರಣವಾದರೆ ಓಡಿದ್ದಕ್ಕೂ ಅದೇ ಕಾರಣ; ಹಾಗಾದಮೇಲೆ ನಿಲ್ಲುವುದಕ್ಕೂ ಓಡುವುದಕ್ಕೂ ಇರುವ ಭೇದವನ್ನು ಆ ಮಾತು ವಿವರಿಸಲಾರದು. ಭೇದವನ್ನು ವಿವರಿಸತಕ್ಕದ್ದು ಅಸಾಧಾರಣ ಕಾರಣ, ಅದು ವಾಷರಿನಲ್ಲಿಯೋ ರಬ್ಬರ್ ಪೈಪಿನಲ್ಲಿಯೋ ಪಂಪಿನ ಸ್ಟಾಪ್ ಸೊಲೆನಾಯ್ಡಿಗೆ ಹೋಗುವ ಸಡಿಲ ತಂತಿಯಲ್ಲಿಯೋ ಇರುತ್ತದೆ. ಎಲ್ಲಕ್ಕೂ ಕಾರಣನಾದವನನ್ನು ಒಂದು ವಾಷರಿನ ಬದಲಿಗೆ ಹೆಸರಿಸುವುದು ಅವನ ಮಹಿಮೆಗೆ ಸಲ್ಲುವ ಮಾತಲ್ಲವೆಂದು ನನ್ನ ದೃಢವಾದ ನಂಬಿಕೆ.

ಕೊನೆಯ ಕಷ್ಟ ನಿಶ್ಚಯದ್ದು. ಜ್ಞಾನದ ಪ್ರಾಮಾಣ್ಯ ಸಫಲ ಪ್ರವೃತ್ತಿಯಿಂದ ತಿಳಿಯುತ್ತದೆ, ನೀರೆಂದು ಕಂಡು ಹೋಗಿ ಬಾಯಾರಿಕೆ ತಣಿದರೆ ಅದು ನೀರೇ ಎಂಬುದು ನ್ಯಾಯಮತ. ಕಾದಾಚಿತ್ಕ ದೋಷದಲ್ಲಿ ಈ ಒರೆಗಲ್ಲು ದುರ್ಬಲವಾಗುತ್ತದೆ. ಏಕೆಂದರೆ ಏನನ್ನೂ ಮಾಡದಿದ್ದರೂ ಗಾಡಿ ನಾಳೆ ಚೆನ್ನಾಗಿ ಓಡಿಯೇ ಓಡುತ್ತಿತ್ತು. ಎಲ್ಲ ಅನುಮಾನಕ್ಕೂ ಕಾಣದ ಉಪಾಧಿಯ ಶಂಕೆ ತಪ್ಪದೆಂದು ಚಾರ್ವಾಕನು ಆಕ್ಷೇಪಿಸಿದಾಗ, ಶಂಕೆ ತನ್ನ ನಡತೆಗೇ ವಿರೋಧವಾಗುವವರೆಗೆ ಮಾತ್ರ ನಡೆಯುತ್ತದೆಂದು ಉದಯನನು ಸಮಾಧಾನ ಹೇಳಿದನು. ಹನ್ನೆರಡನೆಯ ಶತಮಾನದ ಶ್ರೀಹರ್ಷನು ಆ ಸಮಾಧಾನವನ್ನೇ ತಿರುಗಿಸಿ ಹೊಡೆದನು. ಗಂಗೇಶೋಪಾಧ್ಯಾಯನು ‘ತತ್ತ್ವಚಿಂತಾಮಣಿ’ಯಲ್ಲಿ ಮತ್ತೆ ಅದನ್ನು ಎತ್ತಿ ನಿಲ್ಲಿಸಿದನು. ಆ ವಾದದ ಪೂರ್ಣ ಪರಿಹಾರ ಇಲ್ಲಿ ಬೇಕಿಲ್ಲ. ನನ್ನ ಮತವಿಷ್ಟೆ: ದೋಷವನ್ನು ಕಳೆದವನು ಕಾರಣವನ್ನು ಅರಿತವನೆಂದು ಒಪ್ಪಲಾಗದು, ಬೇಕೆಂದಾಗ ಅದನ್ನು ಮರಳಿ ಬರಿಸಬಲ್ಲವನೇ ಅರಿತವನು. ಕಾರಣ ತೆಗೆದರೆ ದೋಷ ಹೋಗುವ ವ್ಯತಿರೇಕವೊಂದೇ ಸಾಲದು, ಕಾರಣವಿಟ್ಟರೆ ದೋಷ ಬರುವ ಅನ್ವಯವೂ ಬೇಕು. ನಿಪುಣನಾದ ಮೆಕ್ಯಾನಿಕ್ಕು ಸೆಳೆಯುವ ಭಾಗದ ಸಂಧಿಗೆ ಹೊಸ ವಾಷರು ಹಾಕಿ ಗಾಡಿ ಸರಿಹೋದಮೇಲೆ, ಹಳೆಯ ವಾಷರನ್ನೇ ಮತ್ತೆ ತೊಡಿಸಿ, ಫೀಡ್ ಪಂಪಿನಿಂದ ಈಚೆಗೆ ಜೋಡಿಸಿದ ಪಾರದರ್ಶಕ ಪೈಪಿನಲ್ಲಿ ಗುಳ್ಳೆಗಳು ಹಿಂದಿನಂತೆ ಹರಿಯುವುದನ್ನು ಕಂಡು, ಅನಂತರ ಹೊಸದನ್ನು ಬಿಗಿಯುತ್ತಾನೆ. ನೋಡುವವರಿಗೆ ಅದು ವ್ಯರ್ಥಶ್ರಮವೆಂದು ತೋರಬಹುದು. ನಿಶ್ಚಯ ಹುಟ್ಟುವುದು ಆ ಶ್ರಮದಲ್ಲಿಯೇ.

ಹಳೆಯ ಪಿಕಪ್ಪನ್ನು ನೆಚ್ಚಿ ಬದುಕುವವರಲ್ಲಿ ನನ್ನದೊಂದು ಬಿನ್ನಹ. ಪಂಪನ್ನು ಬಿಚ್ಚಲು ಒಪ್ಪುವ ಮೊದಲು, ಶುದ್ಧವಾದ ಡೀಸೆಲ್ ತುಂಬಿದ ಕ್ಯಾನೊಂದನ್ನು ಭದ್ರವಾಗಿ ಕಟ್ಟಿಸಿ, ಟ್ಯಾಂಕನ್ನೂ ಅದರ ಪೈಪುಗಳನ್ನೂ ಬಿಟ್ಟು ಫೀಡ್ ಪಂಪಿಗೆ ಆ ಕ್ಯಾನಿನಿಂದಲೇ ಎಣ್ಣೆ ಕೊಡಿಸಿ, ರಿಟರ್ನ್ ಪೈಪನ್ನೂ ಅದಕ್ಕೇ ಬಿಡಿಸಿ, ದೋಷ ತೋರುತ್ತಿದ್ದ ಭಾರದಲ್ಲಿಯೇ, ದೋಷ ತೋರುತ್ತಿದ್ದ ಹೊತ್ತಿನವರೆಗೆ ಗಾಡಿಯನ್ನು ಓಡಿಸಿ ನೋಡಿರಿ; ದೋಷ ಬಾರದಿದ್ದರೆ ಟ್ಯಾಂಕಿನ ಪೈಪನ್ನು ಮತ್ತೆ ಜೋಡಿಸಿ ಅದು ಮರಳಿ ಬರುವುದೇ ಎಂದು ನೋಡಿರಿ. ಎರಡನೆಯ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿರಿ.