ಸಾಕೆನ್ನುವವರು ಯಾರು?

ಸಿದ್ಧೇಶ್ವರ ಸ್ವಾಮೀಜಿಯವರ ಅಂಗಿಗೆ ಜೇಬಿರಲಿಲ್ಲ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಬಾಳಿದ ಅವರು 2018ರಲ್ಲಿ ಪದ್ಮಶ್ರೀಯನ್ನು ನಯವಾಗಿ ಬೇಡವೆಂದರು. 2023ರ ಜನವರಿ 2ರಂದು ಲಿಂಗೈಕ್ಯರಾಗುವುದಕ್ಕೆ ವರ್ಷಗಳ ಮೊದಲೇ ತಮಗೆ ಸ್ಮಾರಕ ಬೇಡವೆಂದು ಬರೆದಿಟ್ಟಿದ್ದರು. ಅಮೋಘಸಿದ್ಧನ ಅರಕೇರಿಯಿಂದ ತಿಕೋಟಾ, ಬಬಲೇಶ್ವರದವರೆಗಿನ ದ್ರಾಕ್ಷಿ ಸೀಮೆಯಲ್ಲಿ ಆ ಜೇಬಿಲ್ಲದ ಅಂಗಿಯ ಮಾತು ಬಾರದ ಕಟ್ಟೆ ಅಪರೂಪ. ಐಪಿಎಲ್ ಹರಾಜಿನ ದಿನ ಅದೇ ಕಟ್ಟೆಯ ಮೇಲೆ ಹುಡುಗರು ಮೊಬೈಲ್ ಹಿಡಿದು ಕೂತು, ಯಾರು ಎಷ್ಟು ಕೋಟಿಗೆ ಹೋದರು ಎಂದು ಲೆಕ್ಕ ಹಾಕುತ್ತಾರೆ. ಈ ಎರಡು ಮಾತುಗಳಿಗೆ ಸಂಬಂಧವಿಲ್ಲ ಎನ್ನಿಸಬಹುದು. ಇದೆ. ದುಡಿದವನ ಪಾಲಿಗೆ ಎಷ್ಟು ಸಾಕು, ಆ ‘ಸಾಕು’ ಎನ್ನುವ ಹಕ್ಕು ಯಾರದು ಎಂಬ ಪ್ರಶ್ನೆ ಎರಡರ ಬುಡದಲ್ಲೂ ಇದೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಇದೇ ಪ್ರಶ್ನೆ ಒಂದು ಗುಡಿಸಲಿನೊಳಗೆ ಎದ್ದಿತ್ತು. ಆಯ್ದಕ್ಕಿ ಮಾರಯ್ಯನ ಕಾಯಕ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಳಗಿಟ್ಟುಕೊಳ್ಳಲಿಲ್ಲ. ಮಿಕ್ಕದ್ದನ್ನು ತಂದಲ್ಲಿಯೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು. ಗಮನಿಸಬೇಕಾದದ್ದು, ಆ ಅಕ್ಕಿ ಕದ್ದದ್ದಲ್ಲ. ಮಾರಯ್ಯ ಬೆನ್ನು ಬಗ್ಗಿಸಿ ಆಯ್ದದ್ದೇ. ಆದರೂ ಅಂದಿನ ದಾಸೋಹಕ್ಕೆ ಬೇಕಾದಷ್ಟನ್ನು ಮೀರಿದ ಗಳಿಕೆ ಲಕ್ಕಮ್ಮನ ಕಣ್ಣಿಗೆ ಆಸೆಯಾಗಿ ಕಂಡಿತು. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಈ ಪರಂಪರೆಯ ವಚನಗಳನ್ನು ತಾಳೆಗರಿಯಿಂದ ಅಚ್ಚಿಗೆ ತಂದ ಫ.ಗು. ಹಳಕಟ್ಟಿಯವರು ವಕೀಲಿಕೆ ಮಾಡಿಕೊಂಡಿದ್ದದ್ದೂ 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದ್ದೂ ಇದೇ ವಿಜಯಪುರದಲ್ಲಿ. ಹಾಗಾಗಿ ಗಳಿಕೆಗೆ ಮಿತಿ ಎಂಬ ವಿಚಾರ ಈ ನೆಲಕ್ಕೆ ಹೊರಗಿನದೇನಲ್ಲ.

ಈಗ ನ್ಯೂಯಾರ್ಕಿಗೆ ಹೋಗೋಣ. ಅಲ್ಲಿನ ನಿಕ್ಸ್ ಬಾಸ್ಕೆಟ್‌ಬಾಲ್ ತಂಡದ ನಾಯಕ ಜೇಲನ್ ಬ್ರನ್ಸನ್ 2024ರ ಜುಲೈಯಲ್ಲಿ ನಾಲ್ಕು ವರ್ಷಕ್ಕೆ 15.65 ಕೋಟಿ ಡಾಲರಿನ ಒಪ್ಪಂದಕ್ಕೆ ರುಜು ಹಾಕಿದರು. ಇನ್ನೊಂದು ವರ್ಷ ತಡೆದಿದ್ದರೆ ಅದೇ ತಂಡ ಅವರಿಗೆ ಐದು ವರ್ಷಕ್ಕೆ ಸುಮಾರು 26.9 ಕೋಟಿ ಕೊಡಬಹುದಿತ್ತು. ಹನ್ನೊಂದು ಕೋಟಿ ಡಾಲರಿಗೂ ಮಿಕ್ಕಿದ್ದನ್ನು ಮನುಷ್ಯನೊಬ್ಬ ಮೇಜಿನ ಮೇಲೆಯೇ ಬಿಟ್ಟು ಎದ್ದುಬಂದನೆಂದು ಅಮೆರಿಕದ ಪತ್ರಿಕೆಗಳು ಬೆರಗಾದವು. ಬಿಟ್ಟದ್ದೇಕೆ? ತಾನು ಹೆಚ್ಚು ತೆಗೆದುಕೊಂಡರೆ ಜೊತೆಗಾರರನ್ನು ಉಳಿಸಿಕೊಳ್ಳಲು ತಂಡಕ್ಕೆ ಜಾಗ ಸಾಲದು.

ಜಾಗ ಸಾಲದು ಎನ್ನುವುದಕ್ಕೆ ಕಾರಣ ಸ್ಯಾಲರಿ ಕ್ಯಾಪ್. ಎನ್‌ಬಿಎ ಬಾಸ್ಕೆಟ್‌ಬಾಲ್ ಲೀಗ್ 1984-85ರ ಋತುವಿನಿಂದ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಹಾಕಿದೆ. ಮೊದಲ ವರ್ಷ ಅದು 36 ಲಕ್ಷ ಡಾಲರ್. 2024-25ರಲ್ಲಿ ಸುಮಾರು 14.06 ಕೋಟಿ. ಆದರೆ ಈ ಬೇಲಿಯಲ್ಲಿ ಬೇಕೆಂದೇ ಬಿಟ್ಟ ಒಂದು ಕಂಡಿ ಇದೆ. ಮೂರು ಋತು ತಂಡದಲ್ಲೇ ಆಡಿದ ತನ್ನ ಆಟಗಾರನನ್ನು ಉಳಿಸಿಕೊಳ್ಳುವುದಾದರೆ ಆ ತಂಡ ಮಿತಿ ದಾಟಬಹುದು. ಬಾಸ್ಟನ್ ತಂಡದ ಲ್ಯಾರಿ ಬರ್ಡ್ ಹೆಸರಿನಲ್ಲಿ ಇದಕ್ಕೆ ಬರ್ಡ್ ವಿನಾಯಿತಿ ಎನ್ನುತ್ತಾರೆ. ಬೇರೆ ತಂಡ ನಾಲ್ಕು ವರ್ಷದ ಒಪ್ಪಂದ ಕೊಡಬಹುದಾದಲ್ಲಿ ಸ್ವಂತ ತಂಡ ಐದು ವರ್ಷ ಕೊಡಬಹುದು; ಬೇರೆಯವರು ವರ್ಷಕ್ಕೆ ಶೇ 5ರಷ್ಟು ಏರಿಸಿದರೆ ಇವರು ಶೇ 8ರಷ್ಟು. ಲೆಕ್ಕಾಚಾರದ ಕಾನೂನೊಂದು ಒಡನಾಟಕ್ಕೂ ಬೆಲೆಯಿದೆ ಎಂದು ಒಪ್ಪಿಕೊಂಡ ಅಪರೂಪದ ಸಂದರ್ಭವಿದು. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2023ರ ಹೊಸ ಒಪ್ಪಂದ ಈ ಕಂಡಿಯನ್ನು ಮುಚ್ಚಲಿಲ್ಲ, ಅದರಾಚೆ ಇನ್ನೊಂದು ಗೋಡೆ ಎಬ್ಬಿಸಿತು. ಒಟ್ಟು ಸಂಬಳ ‘ಎರಡನೇ ಏಪ್ರನ್’ ಎಂಬ ಮೇಲಿನ ಗೆರೆ ದಾಟಿದರೆ ತಂಡ ಆಟಗಾರರ ಅದಲುಬದಲು ಮಾಡುವ ಹಲವು ದಾರಿಗಳನ್ನು ಕಳೆದುಕೊಳ್ಳುತ್ತದೆ. ಬ್ರನ್ಸನ್ ತಲೆಯಲ್ಲಿದ್ದದ್ದು ಆ ಗೆರೆ.

ಹಾಗಾದರೆ ಬ್ರನ್ಸನ್ ನ್ಯೂಯಾರ್ಕಿನ ಆಯ್ದಕ್ಕಿ ಮಾರಯ್ಯನೇ? ಅಷ್ಟು ಬೇಗ ಹಾರ ಹಾಕುವುದು ಬೇಡ. 2028ರಲ್ಲಿ ಒಪ್ಪಂದದಿಂದ ಹೊರಬರುವ ಆಯ್ಕೆ ಅವರಿಗಿದೆ. ಅಷ್ಟರಲ್ಲಿ ಲೀಗಿನಲ್ಲಿ ಹತ್ತು ವರ್ಷ ಮುಗಿದು, ಕ್ಯಾಪಿನ ಶೇ 35ರವರೆಗೆ ಸಂಬಳ ಕೇಳುವ ಅರ್ಹತೆ ಬಂದಿರುತ್ತದೆ. ಲಕ್ಕಮ್ಮ ಸುರಿಸಿದ ಅಕ್ಕಿಯನ್ನು ನಾಲ್ಕು ವರ್ಷದ ಮೇಲೆ ಮತ್ತೆ ಅಳೆದುಕೊಂಡು ಬರುವ ಯೋಚನೆ ಮಾರಯ್ಯನಿಗಿರಲಿಲ್ಲ. ಆದರೂ ನಡುವೆ ಮೊಣಕಾಲು ಮುರಿದರೆ ಬಿಟ್ಟ ಹಣ ಬಿಟ್ಟಂತೆಯೇ. ಲೆಕ್ಕವೂ ತ್ಯಾಗವೂ ಒಂದೇ ರುಜುವಿನಲ್ಲಿ ಇರಬಾರದೆಂದೇನಿಲ್ಲ.

ತತ್ತ್ವಜ್ಞಾನದ ಪುಸ್ತಕಗಳಿಗೆ ಬಾಸ್ಕೆಟ್‌ಬಾಲ್ ಹೊಸದಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ರಾಬರ್ಟ್ ನೋಜಿಕ್ 1974ರ ತಮ್ಮ ಗ್ರಂಥದಲ್ಲಿ ತಮ್ಮ ಸಹೋದ್ಯೋಗಿ ಜಾನ್ ರಾಲ್ಸ್‌ರ ನ್ಯಾಯಸಿದ್ಧಾಂತವನ್ನು ಎದುರಿಸಲು ಆರಿಸಿಕೊಂಡದ್ದು ವಿಲ್ಟ್ ಚೇಂಬರ್ಲೇನ್ ಎಂಬ ಆಟಗಾರನನ್ನು. ಸಂಪತ್ತು ನಿಮಗೆ ಸರಿ ಎನಿಸುವಂತೆಯೇ ಹಂಚಿಹೋಗಿದೆ ಎಂದುಕೊಳ್ಳಿ. ಆಟ ನೋಡಲು ಬಂದವರು ಟಿಕೆಟ್ಟಿನ ಜೊತೆ 25 ಸೆಂಟನ್ನು ಚೇಂಬರ್ಲೇನ್ ಹೆಸರಿನ ಡಬ್ಬಿಗೆ ಖುಷಿಯಿಂದ ಹಾಕುತ್ತಾರೆ. ಹತ್ತು ಲಕ್ಷ ಜನ ಬಂದರೆ ಎರಡೂವರೆ ಲಕ್ಷ ಡಾಲರ್ ಒಬ್ಬನ ಕೈಸೇರುತ್ತದೆ. ಕೊಟ್ಟವರು ಮನಸಾರೆ ಕೊಟ್ಟಿದ್ದಾರೆ, ಪಡೆದವನು ಮೋಸ ಮಾಡಿಲ್ಲ. ಇದರಲ್ಲಿ ಅನ್ಯಾಯ ಎಲ್ಲಿ ಎಂದು ನೋಜಿಕ್ ಕೇಳಿದರು.

ಪ್ರಶ್ನೆ ಚೂಪಾಗಿದೆ, ಆದರೆ ಅದರ ಅಂಗಳದಲ್ಲಿ ಚೇಂಬರ್ಲೇನ್ ಒಬ್ಬನೇ ನಿಂತಿದ್ದಾನೆ. ಎದುರಾಳಿ ಎಲ್ಲಿ? ಅರಕೇರಿಯಂಥ ಊರಿನ ಜಾತ್ರೆಯ ಕುಸ್ತಿ ಕಣದಲ್ಲಿ ಎಷ್ಟೇ ದೊಡ್ಡ ಪೈಲ್ವಾನನಿದ್ದರೂ ಜೋಡಿ ಸಿಗದಿದ್ದರೆ ಅಂದಿನ ಕುಸ್ತಿಯೇ ಇಲ್ಲ. ಆಟದ ಸೊಗಸು ಇಬ್ಬರೂ ಸೇರಿ ಹುಟ್ಟಿಸುವಂಥದ್ದು. ಹೀಗಿರುವಾಗ ಅದರಿಂದ ಬಂದ ಕಾಸು ಗೆದ್ದವನೊಬ್ಬನ ಪ್ರತಿಭೆಯ ಫಲ ಎನ್ನುವುದು ಅರ್ಧಸತ್ಯ. ಸಂಬಳದ ಮಿತಿಗೆ ಗಟ್ಟಿಯಾದ ಸಮರ್ಥನೆ ಇಲ್ಲಿದೆ. ಅದು ಶ್ರೀಮಂತನನ್ನು ಬಡವನನ್ನಾಗಿಸಲು ಬಂದ ನಿಯಮವಲ್ಲ, ಎದುರಾಳಿಯನ್ನು ಉಳಿಸಲು ಬಂದದ್ದು.

ನಿಯಮ ಅಂದುಕೊಂಡ ಹಾಗೆಯೇ ನಡೆಯುತ್ತದೆಯೇ ಎನ್ನುವುದು ಬೇರೆ ಮಾತು. ಒಕ್ಲಹೋಮಾ ಸಿಟಿ ತಂಡ 2012ರ ಜೂನ್‌ನಲ್ಲಿ ಫೈನಲ್ ಆಡಿತು. ಕೆವಿನ್ ಡುರಾಂಟ್, ರಸೆಲ್ ವೆಸ್ಟ್‌ಬ್ರೂಕ್, ಜೇಮ್ಸ್ ಹಾರ್ಡನ್ ಮೂವರೂ ಎಳೆಯರು. ಮುಂದೆ ಮೂವರೂ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದರು. ಸಣ್ಣ ಊರಿನ ಆ ತಂಡ ಒಟ್ಟು ಸಂಬಳ ಒಂದು ಮಟ್ಟ ಮೀರಿದರೆ ತೆರಬೇಕಾದ ತೆರಿಗೆಗೆ ಅಂಜಿ, ಕೇಳಿದಷ್ಟು ಕೊಡಲಾರದೆ ಅದೇ ಅಕ್ಟೋಬರ್‌ನಲ್ಲಿ ಹಾರ್ಡನ್‌ರನ್ನು ಹ್ಯೂಸ್ಟನ್‌ಗೆ ಬಿಟ್ಟುಕೊಟ್ಟಿತು. ಸಣ್ಣವರನ್ನು ಕಾಯಲೆಂದೇ ಇದ್ದ ವ್ಯವಸ್ಥೆ ತಾವೇ ಬೆಳೆಸಿದ ಹುಡುಗನನ್ನು ಅವರ ಕೈಯಿಂದ ಬಿಡಿಸಿತು. ನಾಲ್ಕು ವರ್ಷದ ನಂತರ ಇನ್ನೊಂದು ಪೆಟ್ಟು. ಟಿವಿ ಹಕ್ಕಿನ ಹೊಸ ಹಣ ಹರಿದು 2016ರಲ್ಲಿ ಕ್ಯಾಪ್ 7 ಕೋಟಿಯಿಂದ ಒಮ್ಮೆಲೇ 9.4 ಕೋಟಿ ಡಾಲರಿಗೆ ಜಿಗಿಯಿತು. ಏರಿಕೆಯನ್ನು ಹಂತಹಂತವಾಗಿ ಮಾಡೋಣವೆಂದು ಲೀಗ್ ಕೇಳಿದರೆ ಆಟಗಾರರ ಸಂಘ ಒಪ್ಪಲಿಲ್ಲ. ಹೆಚ್ಚಿನ ತಂಡಗಳಿಗೆ ಜಾಗ ಬಂತು, ಅದಾಗಲೇ ಒಂದು ಋತುವಿನಲ್ಲಿ 73 ಪಂದ್ಯ ಗೆದ್ದಿದ್ದ ಗೋಲ್ಡನ್ ಸ್ಟೇಟ್ ತಂಡಕ್ಕೂ. ಡುರಾಂಟ್ ಅಲ್ಲಿಗೇ ಹೋದರು. ಮುಂದಿನ ಎರಡು ಕಪ್ಪೂ ಅವರದೇ.

ಇದಕ್ಕಿಂತ ವಿಚಿತ್ರವಾದ ಧರ್ಮಸಂಕಟ ಜೋ ಸ್ಮಿತ್‌ರದು. ಈ ಆಟಗಾರನಿಗೂ ಮಿನೆಸೋಟ ತಂಡಕ್ಕೂ ಗುಟ್ಟಿನ ಮಾತಾಗಿತ್ತು: ಕಡಿಮೆ ಸಂಬಳಕ್ಕೆ ಒಂದೊಂದೇ ವರ್ಷದಂತೆ ಮೂರು ವರ್ಷ ಆಡು, ಬರ್ಡ್ ವಿನಾಯಿತಿಯ ಅರ್ಹತೆ ಬಂದ ಮೇಲೆ ಮಿತಿ ದಾಟಿ ಕೋಟಿಗಟ್ಟಲೆ ಕೊಡುತ್ತೇವೆ. ಏಜೆಂಟರ ವ್ಯಾಜ್ಯವೊಂದರಲ್ಲಿ ಆ ಕಾಗದ ಹೊರಬಿತ್ತು. 2000ನೇ ಇಸವಿಯ ಅಕ್ಟೋಬರ್‌ನಲ್ಲಿ ಲೀಗ್ ಒಪ್ಪಂದ ರದ್ದುಮಾಡಿತು, ತಂಡಕ್ಕೆ 35 ಲಕ್ಷ ಡಾಲರ್ ದಂಡ ಹಾಕಿತು, ಹೊಸ ಆಟಗಾರರನ್ನು ಮೊದಲ ಸುತ್ತಿನಲ್ಲಿ ಆರಿಸುವ ಐದು ವರ್ಷದ ಹಕ್ಕನ್ನು ಕಸಿಯಿತು. ಅದರಲ್ಲಿ ಕೆಲವನ್ನು ಆಮೇಲೆ ಮರಳಿಸಿತು. ಕೊಟ್ಟ ಮಾತಿಗೆ ತಪ್ಪದ ಹರಿಶ್ಚಂದ್ರನನ್ನು ಕೊಂಡಾಡಿ ಬೆಳೆದವರಿಗೆ ಇದು ಗೊಂದಲ ಹುಟ್ಟಿಸುತ್ತದೆ. ಇಲ್ಲಿ ಇಬ್ಬರೂ ಮಾತಿಗೆ ಬದ್ಧರಾಗಿದ್ದರು, ಆದರೆ ಆ ಮಾತು ನಡೆಯುವುದೇ ಉಳಿದ ತಂಡಗಳಿಗೆ ಕೊಟ್ಟ ಮಾತನ್ನು ಮುರಿದು. ಇಬ್ಬರ ನಡುವಿನ ನಿಷ್ಠೆ ಎಲ್ಲರ ನಡುವಿನ ನ್ಯಾಯಕ್ಕಿಂತ ಮೇಲೆಂದು ಹೇಳಲು ಬರುವುದಿಲ್ಲ.

ಕರ್ನಾಟಕದ ಕಣಗಳಿಗೆ ಬಂದರೆ ಮಿತಿ ಇದೆ, ಬರ್ಡ್ ವಿನಾಯಿತಿಯಂಥ ಕಂಡಿ ಇಲ್ಲ. ಪವನ್ ಸೆಹ್ರಾವತ್ 2019ರ ಜನವರಿ 5ರ ಫೈನಲ್‌ನಲ್ಲಿ 22 ಅಂಕ ತಂದು ಬೆಂಗಳೂರು ಬುಲ್ಸ್‌ಗೆ ಪ್ರೊ ಕಬಡ್ಡಿಯ ಮೊದಲ ಕಪ್ ಗೆಲ್ಲಿಸಿದರು. 2022ರ ಹರಾಜಿಗೆ ಬುಲ್ಸ್ ಅವರನ್ನು ಬಿಟ್ಟಿತು. ತಮಿಳ್ ತಲೈವಾಸ್ 2.26 ಕೋಟಿ ರೂಪಾಯಿಗೆ ಕೊಂಡಿತು. ಆಗ ಒಂದು ತಂಡ ಆಟಗಾರರ ಮೇಲೆ ಖರ್ಚು ಮಾಡಬಹುದಾದ ಇಡೀ ಚೀಲ 4.4 ಕೋಟಿ. ಅರ್ಧಕ್ಕಿಂತ ಹೆಚ್ಚು ಒಬ್ಬರ ಮೇಲೆ! ಹೊಸ ತಂಡದ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಆ ಋತುವೆಲ್ಲ ಅವರು ಹೊರಗುಳಿದರು.

ಆರ್‌ಸಿಬಿಯ ಕಥೆ ಎಲ್ಲರಿಗೂ ಬಾಯಿಪಾಠ. 2025ರ ಐಪಿಎಲ್‌ಗೆ ಪ್ರತಿ ತಂಡದ ಚೀಲ 120 ಕೋಟಿ ರೂಪಾಯಿ. ವಿರಾಟ್ ಕೊಹ್ಲಿಗೆ 21, ರಜತ್ ಪಾಟೀದಾರ್‌ಗೆ 11, ಯಶ್ ದಯಾಳ್‌ಗೆ 5 ಕೋಟಿ ಕೊಟ್ಟು ಉಳಿಸಿಕೊಂಡ ಮೇಲೆ 83 ಕೋಟಿ ಮಿಕ್ಕಿತು. ಏಳು ಋತು ಆಡಿದ್ದ ಮೊಹಮ್ಮದ್ ಸಿರಾಜ್ ಹರಾಜಿಗೆ ಹೋದರು. ಗುಜರಾತ್ ಟೈಟನ್ಸ್ 12.25 ಕೋಟಿಗೆ ಕೂಗಿದಾಗ, ಹರಾಜಿನ ಕೊನೆಯ ಬೆಲೆಗೆ ಸರಿಗಟ್ಟಿ ಮರಳಿ ಪಡೆಯುವ ಆರ್‌ಟಿಎಂ ಕಾರ್ಡನ್ನು ಬೆಂಗಳೂರು ಎತ್ತಲಿಲ್ಲ. 2025ರ ಏಪ್ರಿಲ್ 2ರಂದು ಚಿನ್ನಸ್ವಾಮಿಗೆ ಎದುರಾಳಿಯಾಗಿ ಬಂದ ಸಿರಾಜ್ 19 ರನ್‌ಗೆ ಮೂರು ವಿಕೆಟ್ ಕಿತ್ತರು, ಭಾವುಕನಾಗಿದ್ದೆ ಎಂದು ಆಮೇಲೆ ಹೇಳಿಕೊಂಡರು. ಅದೇ ವರ್ಷದ ಜೂನ್ 3ರಂದು ಆರ್‌ಸಿಬಿ ಮೊದಲ ಸಲ ಕಪ್ ಗೆದ್ದಿತು. ಲೆಕ್ಕ ಸರಿಯಾಗಿತ್ತು ಎನ್ನುವವರಿಗೆ ಇಷ್ಟು ಸಾಕ್ಷಿ ಸಾಕಾಗಬಹುದು. ಆದರೆ ಏಳು ಋತುವಿನ ಒಡನಾಟಕ್ಕೆ ಆ ಲೆಕ್ಕದಲ್ಲಿ ಒಂದು ಕಾಲಂ ಕೂಡ ಇರಲಿಲ್ಲ. ಲ್ಯಾರಿ ಬರ್ಡ್ ಹೆಸರಿನ ಕಂಡಿ ತುಂಬಿಕೊಡುವುದು ಆ ಕಾಲಂ ಅನ್ನೇ.

ಅದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಆಸ್ಕರ್ ರಾಬರ್ಟ್‌ಸನ್ ಎಂಬ ಆಟಗಾರ ಸಂಘದ ಪರವಾಗಿ 1970ರಲ್ಲಿ ಹೂಡಿದ ಮೊಕದ್ದಮೆ 1976ರಲ್ಲಿ ರಾಜಿಯಾದ ಮೇಲೆ, ಒಪ್ಪಂದ ಮುಗಿದ ಎನ್‌ಬಿಎ ಆಟಗಾರ ಬೇರೆ ತಂಡಕ್ಕೆ ಹೋಗುವ ದಾರಿ ತೆರೆಯಿತು. ಸಂಬಳದ ಮಿತಿಯೂ ಅಲ್ಲಿ ಮಾಲೀಕರ ಅಪ್ಪಣೆಯಲ್ಲ, ಸಂಘದೊಡನೆ ಕೂತು ಬರೆದ ಒಪ್ಪಂದ. ಲೀಗಿನ ಆದಾಯದಲ್ಲಿ ಅರ್ಧದಷ್ಟು ಆಟಗಾರರಿಗೆ ಎಂದು ಅದರಲ್ಲೇ ಇದೆ. ಒಟ್ಟು ಸಂಬಳ ಆ ಪಾಲಿಗಿಂತ ಕಡಿಮೆ ಬಿದ್ದರೆ ಉಳಿದದ್ದು ಆಟಗಾರರಿಗೇ ಹಂಚಿಕೆಯಾಗುತ್ತದೆ. ಹೀಗಾಗಿ ಬ್ರನ್ಸನ್ ಬಿಟ್ಟ ಹಣ ಮಾಲೀಕನ ತಿಜೋರಿಗೇ ಸಲ್ಲಬೇಕೆಂದಿಲ್ಲ. ಲಕ್ಕಮ್ಮ ಮಿಕ್ಕ ಅಕ್ಕಿಯನ್ನು ಎಲ್ಲರ ಅಂಗಳಕ್ಕೆ ಸುರಿಸಿದ್ದಕ್ಕೂ ಇದಕ್ಕೂ ದೂರದ ನಂಟಸ್ತಿಕೆ ಕಟ್ಟಬಹುದು.

ಇತ್ತ ಐಪಿಎಲ್ ಹರಾಜಿನಲ್ಲಿ ಆಟಗಾರ ಹೆಸರು ಕೊಡುತ್ತಾನೆ, ತನ್ನ ತಂಡವನ್ನು ತಾನು ಆರಿಸುವುದಿಲ್ಲ. ಕೊಂಡ ಮೇಲೆ ಸಕಾರಣವಿಲ್ಲದೆ ಬಾರದ ವಿದೇಶಿಗೆ ಎರಡು ವರ್ಷ ನಿಷೇಧ; 2025ರಲ್ಲಿ ಇಂಗ್ಲೆಂಡಿನ ಹ್ಯಾರಿ ಬ್ರೂಕ್‌ಗೆ ಅದೇ ಆಯಿತು. ತಂಡ ಖರ್ಚು ಮಾಡದೆ ಉಳಿಸಿದ ಹಣ ತಂಡದಲ್ಲೇ ಉಳಿಯುತ್ತದೆ. ಚೀಲದ ಗಾತ್ರ ಗೊತ್ತುಮಾಡುವ ಮೇಜಿನಲ್ಲಿ ಆಡುವವರ ಸಂಘಕ್ಕೆ ಕುರ್ಚಿಯೇ ಇಲ್ಲ. 2019ರಲ್ಲಿ ಹುಟ್ಟಿದ ಭಾರತೀಯ ಕ್ರಿಕೆಟಿಗರ ಸಂಘದ ಸದಸ್ಯತ್ವ ಸಿಗುವುದು ಆಡಿ ನಿವೃತ್ತರಾದವರಿಗೆ ಮಾತ್ರ.