ದಂಡನೀತಿಯೂ ದೈವನ್ಯಾಯವೂ

ಅಮರಾವತೀ ನದಿಯ ತೀರದಲ್ಲಿರುವ ಧಾರಾಪುರಂ ಕ್ಷೇತ್ರವೇ ಪಾಂಡವರು ಅಜ್ಞಾತವಾಸವನ್ನು ಕಳೆದ ವಿರಾಟಪುರವೆಂಬುದು ಈ ಸೀಮೆಯ ಐತಿಹ್ಯ. ಆ ವಿರಾಟರಾಯನ ಸಭೆಯಲ್ಲಿ ಎರಡು ಅಪರಾಧಗಳು ನಡೆದುವೆಂದು ಮಹಾಭಾರತವು ಹೇಳುತ್ತದೆ. ಕೀಚಕನು ಸೈರಂಧ್ರಿಯನ್ನು ತುಂಬಿದ ಸಭೆಯಲ್ಲಿ ಒದೆದನು. ಆಕೆ ನ್ಯಾಯವನ್ನು ಬೇಡಿದಳು. ಮೈದುನನ ಬಲಕ್ಕೆ ಅಂಜಿದ ಅರಸನು ಸುಮ್ಮನಾದನು. ಮುಂದೆ ಅದೇ ಅರಸನು ಕೋಪಾವೇಶದಿಂದ ದಾಳವನ್ನೆಸೆದು ಕಂಕಭಟ್ಟನ ಮೂಗಿನಲ್ಲಿ ರಕ್ತವನ್ನು ಬರಿಸಿದನು. ಕಂಕನ ವೇಷದಲ್ಲಿದ್ದ ಧರ್ಮರಾಯನಾದರೋ ಆ ರಕ್ತವು ನೆಲಕ್ಕೆ ಬೀಳದಂತೆ ಬೊಗಸೆಯಲ್ಲಿ ಹಿಡಿದನು. ಅರಸನು ಕ್ಷಮೆಯನ್ನು ಬೇಡಿದಾಗ, ಅದಕ್ಕೆ ಮೊದಲೇ ಕ್ಷಮಿಸಿಯಾಯಿತೆಂದನು.

ಎರಡರ ಫಲವೂ ಬೇರೆ ಬೇರೆ. ಧರ್ಮರಾಯನ ಕ್ಷಮೆಯಿಂದ ವಿರಾಟನ ಮನೆಯು ಉಳಿಯಿತು. ದಂಡನೆಯಿಲ್ಲದೆ ಬಿಟ್ಟ ಕೀಚಕನ ಅಪರಾಧವು ನಾಟ್ಯಶಾಲೆಯ ಕತ್ತಲೆಯಲ್ಲಿ ಕೊಲೆಯಾಗಿ ಮುಗಿಯಿತು. ಅವನ ಬಂಧುಗಳೂ ಅಳಿದರು. ಕ್ಷಮಿಸುವ ಹಕ್ಕು ನೊಂದವರದು, ನೊಂದವರನ್ನು ರಕ್ಷಿಸುವ ಹೊಣೆ ಅರಸನದು. ಅರಸನು ಆ ಹೊಣೆಯನ್ನು ಮರೆತಲ್ಲಿ ಸೇಡು ಹುಟ್ಟುತ್ತದೆ.

ಹಾಗಾದರೆ ದಂಡನೆಯ ಉದ್ದೇಶವೇನು? ಮಾಡಿದ್ದಕ್ಕೆ ತಕ್ಕ ಪ್ರತಿಫಲವೆಂದು ಕೆಲವರು, ಇತರರಿಗೆ ಭಯವೆಂದು ಕೆಲವರು, ಮತ್ತೆ ಕೆಡುಕು ಮಾಡದಂತೆ ತಡೆಯೆಂದು ಕೆಲವರು, ತಪ್ಪಿದವನನ್ನು ತಿದ್ದುವ ಉಪಾಯವೆಂದು ಕೆಲವರು ಹೇಳುವರು. ತೀಕ್ಷ್ಣದಂಡದಿಂದ ಪ್ರಜೆಗಳು ಉದ್ವಿಗ್ನರಾಗುವರು, ಮೃದುದಂಡದ ಅರಸನು ತಾತ್ಸಾರಕ್ಕೆ ಗುರಿಯಾಗುವನು, ಯಥೋಚಿತ ದಂಡದವನೇ ಪೂಜ್ಯನೆಂಬುದು ಕೌಟಿಲ್ಯನ ಅಭಿಪ್ರಾಯ. ಈ ಔಚಿತ್ಯವನ್ನು ಅಳೆಯುವುದೇ ಕಷ್ಟ.

ಆದಿಪರ್ವದ ಮಾಂಡವ್ಯರ ಕಥೆಯು ಇದಕ್ಕೆ ನಿದರ್ಶನ. ಕಳ್ಳರು ಕದ್ದ ಒಡವೆಯನ್ನು ಆಶ್ರಮದಲ್ಲಿ ಅಡಗಿಸಿದರು. ಮೌನವ್ರತದಲ್ಲಿದ್ದ ಮುನಿಯು ಉತ್ತರ ಕೊಡಲಿಲ್ಲ. ರಾಜಭಟರು ಅವರನ್ನೂ ಶೂಲಕ್ಕೇರಿಸಿದರು. ಕಾರಣವನ್ನು ಕೇಳಲು ಅವರು ಯಮಧರ್ಮನ ಬಳಿಗೇ ಹೋದರು. ಬಾಲ್ಯದಲ್ಲಿ ಕೀಟಗಳಿಗೆ ಕಡ್ಡಿ ಚುಚ್ಚಿದ್ದರ ಫಲವೆಂದು ಯಮನು ಹೇಳಿದನು. ಅಲ್ಪಾಪರಾಧಕ್ಕೆ ಘೋರದಂಡವನ್ನು ವಿಧಿಸಿದ ಆ ಯಮನನ್ನೇ ಮಾಂಡವ್ಯರು ಶಪಿಸಿದರು. ಅವನು ವಿದುರನಾಗಿ ಮನುಷ್ಯಲೋಕದಲ್ಲಿ ಹುಟ್ಟಬೇಕಾಯಿತು. ಹದಿನಾಲ್ಕು ವರ್ಷದವರೆಗಿನ ಕೃತ್ಯವು ಪಾಪವಾಗದೆಂಬ ಮೇರೆಯನ್ನೂ ಮುನಿಯು ಹಾಕಿದರು. ದಂಡಧರನಾದ ಯಮನೂ ಧರ್ಮಕ್ಕೆ ಅಧೀನನೆಂಬ ಈ ಮಾತು ಎಷ್ಟು ಗಂಭೀರವಾದುದು! 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಏಳು ವರ್ಷ ತುಂಬದ ಮಗುವಿನ ಕೃತ್ಯವನ್ನು ಅಪರಾಧವೆಂದು ಎಣಿಸುವುದಿಲ್ಲ. ಕೆಲವು ಸಣ್ಣ ತಪ್ಪುಗಳಿಗೆ ಸಮಾಜಸೇವೆಯನ್ನೇ ದಂಡನೆಯಾಗಿ ವಿಧಿಸಲು ಅವಕಾಶವನ್ನು ಕೊಟ್ಟಿದೆ.

ಇನ್ನು ದೈವನ್ಯಾಯದ ವಿಚಾರ. ಒಬ್ಬನಿಗೆ ಸುಖ, ಒಬ್ಬನಿಗೆ ದುಃಖ; ಹೀಗಿರಲು ಭಗವಂತನಿಗೆ ಪಕ್ಷಪಾತವೂ ನಿರ್ದಯೆಯೂ ಉಂಟೇ ಎಂಬ ಶಂಕೆಯನ್ನು ಬ್ರಹ್ಮಸೂತ್ರವು ತಾನೇ ಎತ್ತಿ, ಜೀವರ ಕರ್ಮವನ್ನು ಅನುಸರಿಸಿಯೇ ಅವನು ಫಲವನ್ನು ಕೊಡುವನಾದುದರಿಂದ ಇಲ್ಲವೆಂದು ಪರಿಹರಿಸುತ್ತದೆ. ಮಳೆಯು ಎಲ್ಲ ಹೊಲಕ್ಕೂ ಒಂದೇ. ಬೀಜಕ್ಕೆ ತಕ್ಕಂತೆ ಬೆಳೆಯೆಂದು ಶಂಕರರು ದೃಷ್ಟಾಂತವನ್ನು ಕೊಟ್ಟರು. ಮನುಷ್ಯನಾದ ನ್ಯಾಯಾಧಿಪತಿಯು ಸಾಕ್ಷಿಗಳ ಬಾಯನ್ನು ನಂಬಬೇಕು. ಭಗವಂತನಾದರೋ ಅಂತರಂಗದ ಸಾಕ್ಷಿ.

ಆದರೆ ಈ ಸಿದ್ಧಾಂತವನ್ನು ಹಿಡಿದು, ನೋವಿನಲ್ಲಿರುವವನ ಮನೆಯ ಬಾಗಿಲಲ್ಲಿ ನಿಂತು "ಅವನ ಕರ್ಮ" ಎನ್ನುವುದು ಆಸ್ತಿಕ್ಯವಲ್ಲ, ನಿರ್ದಯೆ. ಕರ್ಮದ ಲೆಕ್ಕವನ್ನು ಓದುವ ಕಣ್ಣು ಮನುಷ್ಯನಿಗಿಲ್ಲ. ರಾಜದಂಡನೆಯೂ ದೈವದ ತೀರ್ಪಲ್ಲ. 1908ರಲ್ಲಿ ರಾಜದ್ರೋಹದ ಆರೋಪದ ಮೇಲೆ ಶಿಕ್ಷಿತರಾದ ವ. ಉ. ಚಿದಂಬರಂ ಪಿಳ್ಳೆಯವರು ಕೊಯಮತ್ತೂರಿನ ಸೆರೆಮನೆಯಲ್ಲಿ ಎತ್ತಿನಂತೆ ಗಾಣವನ್ನೆಳೆದರು. ಅಂದಿನ ನ್ಯಾಯಸ್ಥಾನದ ಕಡತದಲ್ಲಿ ಅವರು ಅಪರಾಧಿ. ಜನರ ಬಾಯಲ್ಲಿ ಮಾತ್ರ "ಚೆಕ್ಕಿಳುತ್ತ ಶೆಮ್ಮಲ್". ಯಾವುದು ಅವಮಾನವಾಗಬೇಕೆಂದು ವಿಧಿಸಲ್ಪಟ್ಟಿತೋ ಅದೇ ಅವರ ಬಿರುದಾಯಿತು.

ಅಪರಾಧವು ನಿಜವಾದಲ್ಲಿಯೂ ಶಿಕ್ಷೆಗೆ ಒಂದು ಕೊನೆಯಿರಬೇಕು. ಸೀತಾದೇವಿಯನ್ನು ಪೀಡಿಸಿದ ರಾಕ್ಷಸಿಯರನ್ನು ಕೊಲ್ಲಲು ಹನುಮಂತನು ಅಪ್ಪಣೆಯನ್ನು ಬೇಡಿದಾಗ ದೇವಿಯು ತಡೆದಳು. ಅವರು ರಾವಣನ ಆಜ್ಞೆಗೆ ಒಳಗಾದವರು, ತಪ್ಪೇ ಮಾಡದವರು ಯಾರೂ ಇಲ್ಲವೆಂದಳು. ನೊಂದವಳೇ ಹೀಗೆಂದ ಮೇಲೆ, ಸೆರೆಯನ್ನು ಮುಗಿಸಿ ಊರಿಗೆ ಬಂದವನಿಗೆ ಕೂಲಿಯನ್ನೂ ಬಾಡಿಗೆಯ ಮನೆಯನ್ನೂ ನಿರಾಕರಿಸಿ, ಮುಗಿದ ಶಿಕ್ಷೆಯನ್ನು ಮುಂದುವರಿಸಲು ಊರವರಿಗೆ ಯಾವ ಅಧಿಕಾರ? ಬಿರುಕುಬಿಟ್ಟ ಕಲ್ಲನ್ನು ಕೂಡಿಸಿ ಗುಡಿಯ ಜೀರ್ಣೋದ್ಧಾರವನ್ನು ಮಾಡುವ ಭಕ್ತರು ಬಿರುಕುಬಿಟ್ಟ ಬಾಳಿಗೂ ಒಂದು ಎಡೆಯನ್ನು ಕೊಡಬೇಕು.

ದಂಡನೆಯು ರಕ್ಷಣೆಗಾಗಿ, ಕ್ಷಮೆಯು ಬಾಂಧವ್ಯಕ್ಕಾಗಿ, ಅಂತಿಮ ತೀರ್ಪು ಭಗವಂತನಿಗಾಗಿ. ಈ ವಿವೇಕವನ್ನು ಶ್ರೀ ಸ್ವಾಮಿಯು ಸರ್ವರಿಗೂ ಅನುಗ್ರಹಿಸಲಿ, ಲೋಕಕ್ಕೆ ಮಂಗಳವಾಗಲಿ.